ಮಾರಮ್ಮನಿಗೊಂದು ಲ್ಯಾಪ್‌ಟಾಪ್ ಪ್ರಶ್ನೆ

"ಸರಿಯಾಗಿ ಹೇಳಜ್ಜಿ, ಡೆಡಿಕೇಟೆಡ್ ಗ್ರಾಫಿಕ್ಸ್ ಕಾರ್ಡ್! ಅದೇ ಮುಖ್ಯ," ಎಂದು ರೇವಂತ ಅಜ್ಜಿಯ ಕಿವಿಗೆ ಬಾಗಿ ಪಿಸುಗುಟ್ಟಿದ.

ಕೈಮುಗಿದು ನಿಂತಿದ್ದ ಮಂಗಮ್ಮಜ್ಜಿ ಒಂದೇ ಕಣ್ಣು ತೆರೆದು ಮೊಮ್ಮಗನನ್ನು ನೋಡಿದಳು. "ಸುಮ್ನಿರೋ. ಅಮ್ನೋರ ಮುಂದೆ ಬಂದು ಇಂಗ್ಲಿಷಲ್ಲಿ ಗೊಣಗ್ತಾನೆ."

ಉತ್ತರಹಳ್ಳಿಯ ಮಾರಮ್ಮನ ಗುಡಿಯಲ್ಲಿ ಶುಕ್ರವಾರದ ಪೂಜೆ ಆಗಷ್ಟೇ ಮುಗಿದಿತ್ತು. ಪೂಜಾರಿ ಮಹೇಶ್ ಎರಡು ಹೂಗಳನ್ನು ನೀರಿನಲ್ಲಿ ಅದ್ದಿ, ದೇವಿಯ ಬಲ ಭುಜಕ್ಕೊಂದು, ಎಡ ಭುಜಕ್ಕೊಂದು ಅಂಟಿಸಿದ್ದ. ಬಲಗಡೆಯ ಹೂ ಬಿದ್ದರೆ ‘ಆಗಲಿ’ ಎಂದರ್ಥ. ಎಡಗಡೆಯದು ಬಿದ್ದರೆ ‘ಬೇಡ’.

ರೇವಂತ ಮತ್ತು ಅವನ ತಂಗಿ ಬಿಂದುಶ್ರೀಯ ಮನೆಯಲ್ಲಿ ಇದು ಹಿಂದಿನಿಂದ ಬಂದ ರೂಢಿ. ಯಾವ ದೊಡ್ಡ ವಸ್ತು ಮನೆಗೆ ಬರುವುದಿದ್ದರೂ ಮೊದಲು ಅಜ್ಜಿ ಹೂ ಕೇಳಬೇಕು. ಬೋರ್‌ವೆಲ್ ಕೊರೆಸುವಾಗ ಕೇಳಿದ್ದಳು. ಅಪ್ಪ ನೀರಿನ ಟ್ಯಾಂಕರ್ ತೆಗೆದುಕೊಳ್ಳುವಾಗ ಕೇಳಿದ್ದಳು. ವಾಷಿಂಗ್ ಮೆಷಿನ್‌ಗೆ ಕೇಳಿದಾಗ ಮಾತ್ರ ಎಡಗಡೆಯ ಹೂ ಬಿದ್ದುಬಿಟ್ಟಿತ್ತು. ಪಾಪ, ಅಮ್ಮ ಮತ್ತೊಂದು ವರ್ಷ ಒಗೆಯುವ ಕಲ್ಲಿನ ಮುಂದೆಯೇ ನಿಂತಿದ್ದಳು.

ಈಗ ಲ್ಯಾಪ್‌ಟಾಪಿನ ಸರದಿ. ಅಪ್ಪನಿಗೆ ಟ್ಯಾಂಕರಿನ ಬಿಲ್ ಮಾಡಲು ಬೇಕು. ಫಸ್ಟ್ ಪಿಯುಸಿ ಓದುವ ರೇವಂತನಿಗೆ ಕಾಲೇಜಿಗೆ ಬೇಕು, ಗೇಮ್ ಆಡುವುದಕ್ಕೂ ಬೇಕು. ಆರನೇ ಕ್ಲಾಸಿನ ಬಿಂದುಶ್ರೀಗೂ ಬೇಕು. ಆದರೆ ಅವಳಿಗೆ ಯಾಕೆ ಬೇಕು ಎಂದು ಯಾರೂ ಕೇಳಿರಲಿಲ್ಲ. ಅವಳಾಗಿ ಹೇಳಿಯೂ ಇರಲಿಲ್ಲ.

ಬಿಂದುಶ್ರೀ ಮಾತು ಕಮ್ಮಿ. ನೋಡುವುದು ಜಾಸ್ತಿ. ಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳು ಒಂದು ಬೆಕ್ಕಿನ ಚಿತ್ರ ಬರೆದು, ಅದನ್ನು ನಡೆಸಲು ಕಲಿಯುತ್ತಿದ್ದಳು. ವಾರಕ್ಕೆ ಒಂದೇ ಪಿರಿಯಡ್. ಬೆಕ್ಕು ಒಂದು ಕಾಲು ಎತ್ತುವಷ್ಟರಲ್ಲಿ ಬೆಲ್ ಹೊಡೆದುಬಿಡುತ್ತಿತ್ತು. ಮನೆಯಲ್ಲೇ ಲ್ಯಾಪ್‌ಟಾಪ್ ಇದ್ದರೆ!

ಆದರೆ ರೇವಂತ ಕೇಳುತ್ತಿರುವ ಲ್ಯಾಪ್‌ಟಾಪ್ ಬಂದರೆ ಅದು ಮನೆಯದಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಣ್ಣನ ರೂಮಿನ ಟೇಬಲ್ ಮೇಲೆ, ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಹಾಗೆ ಕೂತಿರುತ್ತದೆ. "ಮುಟ್ಬೇಡ್ವೇ, ಗೇಮಿಂಗ್ ಲ್ಯಾಪ್‌ಟಾಪ್ ಅದು," ಎಂದು ಅವನು ಈಗಲೇ ಎರಡು ಸಲ ಹೇಳಿಯಾಗಿತ್ತು. ಇನ್ನೂ ಕೊಂಡೇ ಇರಲಿಲ್ಲ!

"ತಾಯೀ ಮಾರಮ್ಮ," ಅಜ್ಜಿ ಗಟ್ಟಿಯಾಗಿ ಶುರುಮಾಡಿದಳು. "ಇವರು ಅದೇನೋ... ಡೆಡ್ಡಿ... ಕಾರ್ಡು... ಅದನ್ನ ತರ್ಬೇಕು ಅಂತಾರೆ. ತರಬಹುದಾ ತಾಯೀ?"

ಎಲ್ಲರೂ ಕಾದರು. ಬಲಗಡೆಯ ಹೂ ಅಲುಗಲಿಲ್ಲ. ಎಡಗಡೆಯದೂ ಅಲುಗಲಿಲ್ಲ. ಮಹೇಶ್ ಇನ್ನೊಂದು ಸಲ ಮಂಗಳಾರತಿ ಎತ್ತಿದ. ಊಹೂಂ. ಎರಡೂ ಹೂಗಳು ಅಂಟು ಹಾಕಿದಂತೆ ಕೂತಿದ್ದವು.

"ಪ್ರಶ್ನೆ ಸರಿಯಾಗಿ ಕೇಳಿದ್ರಾ ಮಂಗಮ್ಮ?" ಎಂದ ಮಹೇಶ್.

"ಏನು ಕೇಳಿದೆ ಅಂತ ನಂಗೇ ಗೊತ್ತಾಗ್ಲಿಲ್ಲ ಕಣಪ್ಪ. ಇನ್ನು ಅಮ್ನೋರು ಏನಂತ ಉತ್ತರ ಕೊಡ್ತಾರೆ?"

ಗುಡಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ರೇವಂತನ ಕಿವಿ ಕೆಂಪಾಯಿತು.

ಮನೆಗೆ ಬಂದವಳೇ ಅಜ್ಜಿ ಅವರೆಕಾಯಿಯ ಮೊರ ಎಳೆದುಕೊಂಡು ಜಗುಲಿಯಲ್ಲಿ ಕೂತಳು. "ನೋಡ್ರಪ್ಪ, ಮಂಗಳವಾರ ಮತ್ತೆ ಕೇಳ್ತೀನಿ. ಅಷ್ಟರೊಳಗೆ ನಿಮ್ಮಲ್ಲಿ ಯಾರಾದ್ರೂ ನಂಗೆ ಅರ್ಥ ಆಗೋ ಹಾಗೆ ಹೇಳಿ. ನಂಗೇ ಅರ್ಥ ಆಗದ್ದನ್ನ ಹೊತ್ಕೊಂಡು ಹೋಗಿ ಅಮ್ನೋರ ಮುಂದೆ ಇಡಲ್ಲ."

"ಅಷ್ಟೇನಾ!" ಎಂದು ರೇವಂತ ಮುಂದೆ ಬಂದ. "ಕೇಳಜ್ಜಿ. ಕಾರ್ಡ್ ಇದ್ರೆ ವಿರ್‍ಯಾಮ್ ಇರುತ್ತೆ, ಎಫ್‌ಪಿಎಸ್ ಸಖತ್ತಾಗಿ ಬರುತ್ತೆ. ಗ್ರಾಫಿಕ್ಸ್ ಇಲ್ದಿರೋ ಲ್ಯಾಪ್‌ಟಾಪ್ ಬರೀ ಡಬ್ಬ."

"ಗ್ರಾಫಿಕ್ಸ್ ಅಂದ್ರೇನೋ?"

"ಅದೇ ಅಜ್ಜಿ... ಗ್ರಾಫಿಕ್ಸ್ ಅಂದ್ರೆ..." ರೇವಂತ ತಲೆ ಕೆರೆದುಕೊಂಡ. "ಗ್ರಾಫಿಕ್ಸ್ ಅಂದ್ರೆ ಗ್ರಾಫಿಕ್ಸ್!"

"ಸರಿಹೋಯ್ತು," ಎಂದು ಅಜ್ಜಿ ಇನ್ನೊಂದು ಹಿಡಿ ಅವರೆಕಾಯಿ ಮಡಿಲಿಗೆ ಹಾಕಿಕೊಂಡಳು.

ಬಾಗಿಲ ಹತ್ತಿರ ನಿಂತಿದ್ದ ಬಿಂದುಶ್ರೀಗೆ ಒಂದು ಯೋಚನೆ ಬಂತು. ಮಂಗಳವಾರದವರೆಗೆ ಸಮಯವಿದೆ. ಅಣ್ಣ ಹೇಳಲಾಗದ್ದನ್ನು ತಾನು ಹೇಳಿದರೆ?

ಮರುದಿನ ಬೆಳಿಗ್ಗೆ ಅವಳು ಟೆರೇಸಿಗೆ ಹೋದಳು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಶರಣಮ್ಮಕ್ಕ ಬಟ್ಟೆ ಒಣಹಾಕುತ್ತಿದ್ದಳು. ಅವಳು ಕೊಪ್ಪಳದ ಕಡೆಯವಳು. ಆಫೀಸಿನ ಕೆಲಸಕ್ಕೆಂದು ಬೆಂಗಳೂರಿಗೆ ಬಂದವಳು. ಅವಳ ಹತ್ತಿರ ಒಂದು ತೆಳ್ಳನೆಯ ಲ್ಯಾಪ್‌ಟಾಪ್ ಇತ್ತು.

"ಅಕ್ಕಾ, ನಿಮ್ಮ ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್ ಇಲ್ವಾ?"

ಶರಣಮ್ಮಕ್ಕ ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕಳು. "ಏ ಹುಚ್ಚಿ, ಇಲ್ದಿದ್ರ ಸ್ಕ್ರೀನ್ ಮ್ಯಾಲ ಏನ್ ಕಾಣ್ತಿತ್ತು? ಅಕ್ಷರ ಇರ್ಲಿ, ಸಿನಿಮಾ ಇರ್ಲಿ, ಎಲ್ಲಾನೂ ಬರದು ತೋರ್ಸಾಕ ಒಳಗೊಂದು ಭಾಗ ಇರಾಕಬೇಕು. ನಂದ್ರಾಗ ಅದು ಪ್ರೊಸೆಸರ್ ಒಳಗ ಐತಿ. ಕೆಲವ್ರ ಲ್ಯಾಪ್‌ಟಾಪಿನ್ಯಾಗ ಅದಕ್ಕಂತನ ಬ್ಯಾರೆ ಕಾರ್ಡ್ ಇರ್ತದ. ದೊಡ್ಡ ದೊಡ್ಡ ಗೇಮ್ ಆಡವ್ರಿಗೆ ಅದು ಬೇಕಾಗ್ತೈತಿ."

"ನಮ್ಮಣ್ಣನಿಗೆ ಬೇಕಾ?"

"ಅಂವ ಯಾವ ಗೇಮ್ ಆಡ್ತಾನ ಅನ್ನೋದ್ರ ಮ್ಯಾಲ ಐತವಾ ಅದು."

ಅದನ್ನು ಕೇಳಿ ಬಿಂದುಶ್ರೀಗೆ ಖುಷಿಯಾಯಿತು. ಅಣ್ಣ ಏನು ಆಡುತ್ತಾನೆ ಎಂಬುದನ್ನು ಅವಳಷ್ಟು ಚೆನ್ನಾಗಿ ನೋಡಿದವರು ಯಾರೂ ಇರಲಿಲ್ಲ. ಫೋನಿನಲ್ಲಿ ಒಂದು ಕಾರ್ ರೇಸ್. ಒಂದು ಕ್ರಿಕೆಟ್. ಬೇರೆ ಗೇಮ್‌ಗಳ ವಿಡಿಯೋ ನೋಡುತ್ತಿದ್ದ, ಅಷ್ಟೆ. ಎರಡು ದಿನ ನೋಡಿ ಬೇಜಾರಾಗಿ ಮತ್ತೆ ಕಾರ್ ರೇಸಿಗೇ ಬರುತ್ತಿದ್ದ.

ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತೊಳಸುತ್ತಿದ್ದಳು. ಅಜ್ಜಿ ಹಿತಕಿದ ಬೇಳೆಯ ಸಾರಿನ ರುಚಿ ನೋಡುತ್ತಿದ್ದಳು. ಬಿಂದುಶ್ರೀ ಅಜ್ಜಿಯ ಸೆರಗು ಹಿಡಿದು ನಿಂತಳು.

"ಅಜ್ಜಿ, ಲ್ಯಾಪ್‌ಟಾಪ್ ಒಳಗೆ ಚಿತ್ರ ಬರೆದು ತೋರ್ಸೋರು ಒಬ್ರು ಇರ್ತಾರೆ ಅಂದ್ಕೋ. ಕೆಲವು ಲ್ಯಾಪ್‌ಟಾಪಲ್ಲಿ ಮನೆಯವರೇ ಬೇರೆ ಕೆಲಸದ ಜೊತೆ ಅದನ್ನೂ ಮಾಡ್ತಾರೆ. ಕೆಲವದರಲ್ಲಿ ಅದಕ್ಕೇ ಅಂತ ಬೇರೆಯವರನ್ನ ಕರೆಸಿರ್ತಾರೆ. ಅದೇ ಅಣ್ಣ ಹೇಳೋ ಕಾರ್ಡು."

ಅಜ್ಜಿ ಸೌಟು ಕೆಳಗಿಟ್ಟಳು. "ಹಂಗಾ! ನಿಮ್ಮಮ್ಮ ಸೌಮ್ಯ ದಿನಾ ಅಡುಗೆ ಮಾಡ್ತಾಳಲ್ಲ, ಹಂಗೆ ಒಂದು. ಮದುವೆಗೆ ಅಡುಗೆಯೋರನ್ನ ಕರೆಸ್ತೀವಲ್ಲ, ಹಂಗೆ ಇನ್ನೊಂದು."

"ಹ್ಞೂಂ ಅಜ್ಜಿ! ಅಡುಗೆಯೋರು ಬಂದ್ರೆ ಎಷ್ಟು ಜನಕ್ಕೆ ಬೇಕಾದ್ರೂ ಬೇಗ ಬೇಗ ಮಾಡಿಹಾಕ್ತಾರೆ."

"ಮಾಡ್ತಾರೆ ಮಾಡ್ತಾರೆ. ಒಲೆ ಅವರದ್ದು, ಪಾತ್ರೆ ಅವರದ್ದು. ಆದ್ರೆ ಎಷ್ಟು ಸದ್ದು, ಎಷ್ಟು ಸೆಕೆ! ಗ್ಯಾಸ್ ಸಿಲಿಂಡರ್ ನೋಡ್ತಾ ನೋಡ್ತಾ ಖಾಲಿ."

"ಈ ಕಾರ್ಡೂ ಹಂಗೇ ಅಂತೆ. ಬಿಸಿಯಾಗುತ್ತೆ, ಫ್ಯಾನ್ ಸದ್ದು ಮಾಡುತ್ತೆ, ಬ್ಯಾಟರಿ ಬೇಗ ಖಾಲಿ ಆಗುತ್ತೆ. ಶರಣಮ್ಮಕ್ಕನ್ನ ಕೇಳ್ದೆ."

"ಮತ್ತೆ ನಮ್ಮನೇಲಿ ದಿನಾ ಮದುವೆ ನಡೀತದಾ?" ಎಂದಳು ಅಜ್ಜಿ.

ಅಷ್ಟರಲ್ಲಿ ನೀರು ಕುಡಿಯಲು ಬಂದಿದ್ದ ರೇವಂತ ಲೋಟ ಕುಕ್ಕಿದ. "ಅಜ್ಜೀ, ಇವಳ ಕತೆ ಕೇಳ್ಬೇಡ. ಮನೆ ಸೊಸೆ ಕೈಲಿ ಮದುವೆ ಅಡುಗೆ ಆಗುತ್ತಾ? ಗೇಮ್ ಹಾಕಿದ ತಕ್ಷಣ ಹ್ಯಾಂಗ್ ಆಗುತ್ತೆ, ನೋಡ್ತಿರು."

"ಸೊಸೆ ಕೈಲಿ ಏನೇನಾಗುತ್ತೆ ಅಂತ ನಿಂಗೇನೋ ಗೊತ್ತು?" ಎಂದು ಅಮ್ಮ ಮುದ್ದೆ ಕೋಲನ್ನೇ ಅವನತ್ತ ತೋರಿಸಿದಳು.

ಅಜ್ಜಿ ನಗುತ್ತಾ ಎದ್ದಳು. "ಬಾಯಲ್ಲಿ ಜಗಳ ಯಾಕೆ? ಕಣ್ಣಲ್ಲೇ ನೋಡೋಣ. ನಾಳೆ ಭಾನುವಾರ ಅಂಗಡಿಗೆ ಹೋಗೋಣ. ನಾನೂ ಬರ್ತೀನಿ."

ಭಾನುವಾರ ಅಪ್ಪ ಬೈಕಿನಲ್ಲಿ ಮುಂದೆ ಹೋದರು. ಅಜ್ಜಿ, ರೇವಂತ, ಬಿಂದುಶ್ರೀ ಆಟೋ ಹತ್ತಿದರು. ಜಯನಗರದ ಆ ಅಂಗಡಿಯ ತುಂಬ ಲ್ಯಾಪ್‌ಟಾಪುಗಳು ಬಾಯಿ ತೆರೆದುಕೊಂಡು ಕೂತಿದ್ದವು. ಗೌರೀಶಂಕರ ಎಂದು ಎದೆಯ ಮೇಲೆ ಹೆಸರಿದ್ದ ಸೇಲ್ಸ್‌ಮನ್ ಅಜ್ಜಿಗೆ ಮೊದಲು ಕುರ್ಚಿ ಹಾಕಿಕೊಟ್ಟ.

ರೇವಂತ ನೇರವಾಗಿ ದೊಡ್ಡದೊಂದು ಕಪ್ಪು ಲ್ಯಾಪ್‌ಟಾಪಿನ ಹತ್ತಿರ ಹೋದ. ಅದರ ಕೀಗಳ ಕೆಳಗೆ ಕೆಂಪು, ನೀಲಿ, ಹಸಿರು ದೀಪಗಳು ಓಡಾಡುತ್ತಿದ್ದವು.

"ಆಯುಧಪೂಜೆ ಸೀರಿಯಲ್ ಸೆಟ್ ಹಾಕಿದಂಗೈತೆ," ಎಂದಳು ಅಜ್ಜಿ.

ಗೌರೀಶಂಕರ ಕಾರ್ ರೇಸ್ ಹಾಕಿಕೊಟ್ಟ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ರಸ್ತೆಯ ಮೇಲಿನ ಮಳೆನೀರಿನಲ್ಲಿ ಮೋಡವೂ ಕಾಣುತ್ತಿತ್ತು. ಬಿಂದುಶ್ರೀಗೂ ಕಣ್ಣು ಕೀಳಲಾಗಲಿಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿಲ್ಲ ಎನ್ನಲು ಆಗುತ್ತದೆಯೇ?

ಆಟ ನಿಂತ ಮೇಲೆ ಅಜ್ಜಿ ಅದನ್ನು ಎರಡೂ ಕೈಯಲ್ಲಿ ಎತ್ತಲು ಹೋಗಿ ಹಾಗೇ ಇಳಿಸಿದಳು. "ಅಪ್ಪಾ! ಒರಳುಕಲ್ಲು ಇದು. ಬೋಂಡಾ ಬಾಣಲೆ ಥರ ಬಿಸಿ ಬೇರೆ."

"ಇದನ್ನ ಆಡೋವಾಗ ಚಾರ್ಜರ್ ಹಾಕೇ ಇರ್ಬೇಕಾ ಅಂಕಲ್?" ಎಂದು ಬಿಂದುಶ್ರೀ ಮೆಲ್ಲಗೆ ಕೇಳಿದಳು.

"ಹೌದು ಪುಟ್ಟಿ. ಇಲ್ಲಾಂದ್ರೆ ಸ್ಪೀಡೂ ಕಮ್ಮಿಯಾಗುತ್ತೆ, ಬೇಗ ಆಫೂ ಆಗುತ್ತೆ." ಗೌರೀಶಂಕರ ಮುಚ್ಚಿಡಲಿಲ್ಲ.

ಈಗ ಬಿಂದುಶ್ರೀಯ ಸರದಿ. ಕಾರ್ಡ್ ಇಲ್ಲದ, ಬೂದು ಬಣ್ಣದ ಒಂದು ತೆಳ್ಳನೆಯ ಲ್ಯಾಪ್‌ಟಾಪನ್ನು ಅವಳು ತೋರಿಸಿದಳು. ಅದರಲ್ಲೂ ಅದೇ ಕಾರ್ ರೇಸ್ ಶುರುವಾಯಿತು. ಒನ್, ಟೂ, ತ್ರೀ, ಗೋ!

ಕಾರು ಹೊರಟಿತು. ನಿಂತಿತು. ಒಮ್ಮೆಗೇ ಹಾರಿ ಮುಂದಿನ ತಿರುವಿನಲ್ಲಿ ಕಾಣಿಸಿಕೊಂಡಿತು. ಮತ್ತೆ ನಿಂತಿತು. ಬಿಕ್ಕಳಿಕೆ ಬಂದವರ ಹಾಗೆ ತಡವರಿಸುತ್ತಾ ಹೋಗಿ ಗೋಡೆಗೆ ಗುದ್ದಿತು.

"ಸ್ಲೈಡ್ ಶೋ ಮಗಾ, ಸ್ಲೈಡ್ ಶೋ!" ರೇವಂತ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನೇನು ಹೇಳಿದ್ದೆ ಅಜ್ಜಿ?"

ಅಪ್ಪ ಗಡಿಯಾರ ನೋಡಿಕೊಂಡರು. "ಸರಿ ಬಿಡವ್ವ, ಮಂಗಳವಾರ ಆ ಕಪ್ಪುದಕ್ಕೇ ಹೂ ಕೇಳು. ಟ್ಯಾಂಕರ್ ಡ್ರೈವರ್ ಕಾಯ್ತಿದಾನೆ, ಹೊರಡೋಣ."

ಬಿಂದುಶ್ರೀಗೆ ಅಜ್ಜಿಯ ಕುರ್ಚಿಯ ಹಿಂದೆ ಅಡಗಿಕೊಳ್ಳೋಣ ಎನ್ನಿಸಿತು. ಮನೆಯವರೇ ಮಾಡ್ತಾರೆ ಎಂದೆಲ್ಲ ತಾನು ಹೇಳಿದ್ದು ಸುಳ್ಳೇ ಆಯಿತಲ್ಲ! ಅಳು ಬಂದರೆ ಯಾರಿಗೂ ಕಾಣದಿರಲಿ ಎಂದು ಅವಳು ಮುಖವನ್ನು ಪಕ್ಕದ ಟೇಬಲ್ ಕಡೆ ತಿರುಗಿಸಿದಳು.

ಅಲ್ಲೂ ಒಂದು ಬೂದು ಬಣ್ಣದ ಲ್ಯಾಪ್‌ಟಾಪ್ ಇತ್ತು. ಅದೇ ಕಂಪನಿ, ಅದೇ ಅಳತೆ, ಅದೇ ಪ್ರೊಸೆಸರ್ ಸ್ಟಿಕರ್. ಯಾರೋ ಒಬ್ಬರು ಅದರಲ್ಲಿ ಅದೇ ಕಾರ್ ರೇಸ್ ಆಡುತ್ತಿದ್ದರು. ಆ ಕಾರಿಗೆ ಬಿಕ್ಕಳಿಕೆಯೇ ಇರಲಿಲ್ಲ. ಸೊಂಯ್ ಎಂದು ಓಡುತ್ತಿತ್ತು.

ಬಿಂದುಶ್ರೀ ಅಳು ಮರೆತಳು. ಎರಡನ್ನೂ ಮತ್ತೆ ಮತ್ತೆ ನೋಡಿದಳು. ಎಲ್ಲ ಒಂದೇ. ಇಲ್ಲ, ಎಲ್ಲ ಒಂದೇ ಅಲ್ಲ! ಪಕ್ಕದಲ್ಲಿಟ್ಟಿದ್ದ ಚೀಟಿಯಲ್ಲಿ ‘ರ್‍ಯಾಮ್’ ಎನ್ನುವ ಕಡೆ ಇದಕ್ಕೆ ಎಂಟು ಎಂದು ಬರೆದಿತ್ತು. ಅದಕ್ಕೆ ಹದಿನಾರು.

"ಅಂಕಲ್..." ಎಂದಳು. ಯಾರಿಗೂ ಕೇಳಿಸಲಿಲ್ಲ. ಅಪ್ಪ ಬಾಗಿಲ ತನಕ ಹೋಗಿದ್ದರು.

"ಅಂಕಲ್!" ಈ ಸಲ ಇಡೀ ಅಂಗಡಿಯೇ ತಿರುಗಿ ನೋಡಿತು. "ಅಲ್ಲೂ ಇದೇ ಲ್ಯಾಪ್‌ಟಾಪು. ಅದ್ರಲ್ಲೂ ಕಾರ್ಡ್ ಇಲ್ಲ. ಮತ್ತೆ ಅಲ್ಲಿ ಯಾಕೆ ಚೆನ್ನಾಗಿ ಓಡ್ತಿದೆ?"

ಗೌರೀಶಂಕರ ಎರಡನ್ನೂ ನೋಡಿ ಹುಬ್ಬು ಏರಿಸಿದ. "ಅರೆ, ಹೌದಲ್ವಾ! ನಾನು ನಿಮಗೆ ತೋರ್ಸಿದ್ದು ಎಂಟು ಜಿಬಿದು. ಇದ್ರಲ್ಲಿ ರ್‍ಯಾಮ್ ಒಂದೇ ಇದೆ. ಅದ್ರಲ್ಲಿ ಎಂಟೆಂಟರದ್ದು ಎರಡಿದೆ. ಕಾರ್ಡ್ ಇಲ್ದಿರೋ ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರಲ್ಲ ಪುಟ್ಟಿ. ಈ ರ್‍ಯಾಮನ್ನೇ ಹಂಚ್ಕೊಂಡು ಕೆಲಸ ಮಾಡ್ಬೇಕು."

ಬಿಂದುಶ್ರೀ ಎರಡೂ ಚೀಟಿಗಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು.

"ಅಜ್ಜಿ, ಪಾತ್ರೆ! ಅಡುಗೆಯೋರು ಪಾತ್ರೆ ಅವರೇ ತರ್ತಾರೆ ಅಂದ್ಯಲ್ಲ? ಮನೆ ಸೊಸೆ ಮನೇಲಿ ಇರೋ ಪಾತ್ರೇಲೇ ಮಾಡ್ಬೇಕು. ಆ ರ್‍ಯಾಮೇ ಪಾತ್ರೆ!"

ಅಜ್ಜಿಯ ಮುಖ ಅರಳಿತು. "ಅಂದ್ರೆ ಒಂದೇ ಪಾತ್ರೆ ಕೊಟ್ಟು, ಅದ್ರಲ್ಲೇ ಅನ್ನ, ಅದ್ರಲ್ಲೇ ಸಾರು ಮಾಡು ಅಂದಿದ್ದಾರೆ. ಆಮೇಲೆ ಸೊಸೆ ನಿಧಾನ ಅಂತ ನಗೋದು! ಏನಪ್ಪಾ ಗೌರೀಶಂಕರ, ಇದು ನ್ಯಾಯನಾ?"

"ಅನ್ಯಾಯ ಅಜ್ಜಿ, ತಪ್ಪಾಯ್ತು," ಎಂದು ಗೌರೀಶಂಕರ ನಗುತ್ತಾ ಕೈಮುಗಿದ. "ಬನ್ನಿ, ಎರಡು ಪಾತ್ರೆ ಇರೋದನ್ನ ನೋಡಿ."

ಅಪ್ಪ ಬಾಗಿಲಿನಿಂದ ವಾಪಸ್ ಬಂದರು.

"ಎಲ್ಲಾ ಒಟ್ಟಿಗೆ ಹಾಕಿ ಅಂಕಲ್," ಎಂದಳು ಬಿಂದುಶ್ರೀ. "ಅಪ್ಪನ ಬಿಲ್ ಮಾಡೋದು, ಅಣ್ಣನ ಕಾಲೇಜ್ ಪಿಡಿಎಫ್, ಚಿತ್ರ ಬರೆಯೋದು. ಆಮೇಲೆ ಗೇಮ್. ಚಾರ್ಜರ್ ತೆಗೆದುಬಿಡಿ."

ಎಲ್ಲವೂ ತೆರೆದುಕೊಂಡವು. ಬಿಂದುಶ್ರೀ ಎರಡು ಗೆರೆ ಎಳೆದು ಬೆಕ್ಕಿನ ಕಿವಿ ಬರೆದಳು. ಸರಾಗವಾಗಿ ಬಂತು. ಆಮೇಲೆ ಅವಳು ಎದ್ದು ಕುರ್ಚಿಯನ್ನು ರೇವಂತನ ಕಡೆ ತಳ್ಳಿದಳು. "ಆಡಣ್ಣ."

"ನೋಡು, ಈಗ ಹ್ಯಾಂಗ್ ಆಗುತ್ತೆ," ಎನ್ನುತ್ತಲೇ ರೇವಂತ ಕೂತ.

ಮೊದಲ ತಿರುವಿನಲ್ಲಿ ಅವನು ಮುಖ ಸಿಂಡರಿಸಿಕೊಂಡೇ ಇದ್ದ. ಎರಡನೇ ತಿರುವಿನಲ್ಲಿ ಮುಂದಕ್ಕೆ ಬಾಗಿದ. ಮೂರನೇ ತಿರುವಿನಲ್ಲಿ ಕಾರಿನ ಜೊತೆ ಅವನೂ ವಾಲಿದ. ದೂರುವುದನ್ನೇ ಮರೆತ. "ಹೋಗು, ಹೋಗು, ಹೋಗೂ... ಫಸ್ಟ್!" ಎಂದು ಎರಡೂ ಕೈ ಮೇಲೆತ್ತಿದ. ಆಮೇಲೆ ತಾನೇನು ಮಾಡಿದೆ ಎಂದು ಗೊತ್ತಾಗಿ ಮೆಲ್ಲಗೆ ಕೈ ಇಳಿಸಿದ.

"ಮೋಡ ಕಾಣ್ತಿಲ್ಲ," ಎಂದು ಗೊಣಗಿದ. "ನೀರಲ್ಲಿ ಮೋಡ ಕಾಣ್ತಿತ್ತು ಅದ್ರಲ್ಲಿ."

"ಅದು ನಿಜ," ಎಂದ ಗೌರೀಶಂಕರ. "ಇದ್ರಲ್ಲಿ ಸೆಟ್ಟಿಂಗ್ಸ್ ಸ್ವಲ್ಪ ಇಳಿಸಿ ಆಡ್ಬೇಕು. ಹೊಸ ದೊಡ್ಡ ಗೇಮ್‌ಗಳು ಇದ್ರಲ್ಲಿ ಆಗಲ್ಲ. ಅಂಥವನ್ನ ದಿನಾ ಆಡೋದಾದ್ರೆ ಆ ಕಪ್ಪುದೇ ತಗೊಳ್ಳಿ. ಈ ಥರದ್ದಕ್ಕೆ ಇದು ಧಾರಾಳ."

"ಸರೀಪ್ಪ, ನಂಗೂ ಒಂದ್ಸಲ ಕೊಡಿ," ಎಂದಳು ಅಜ್ಜಿ.

ಅಜ್ಜಿಯ ಕಾರು ಹೊರಟ ತಕ್ಷಣ ಬೇಲಿ ಮುರಿದು ಹುಲ್ಲಿಗೆ ನುಗ್ಗಿತು. "ಹೋಯ್, ಹೋಯ್, ಬಲಕ್ಕೆ! ಬಲಕ್ಕೆ ಅಂದ್ರೆ ಕೇಳಲ್ವಾ!" ಎಂದು ಅವಳು ಎತ್ತಿಗೆ ಹೇಳುವಂತೆ ಕೂಗಿದಳು. ಪಕ್ಕದ ಟೇಬಲಿನವರೂ ಬಂದು ಸುತ್ತ ನಿಂತರು. ಕಾರು ಎಲ್ಲರಿಗಿಂತ ಕೊನೆಗೆ ಬಂದಾಗ ಅಂಗಡಿಯವರೆಲ್ಲ ಚಪ್ಪಾಳೆ ಹೊಡೆದರು.

ಅಜ್ಜಿ ಲ್ಯಾಪ್‌ಟಾಪನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು. ಕೆಳಗೆ ಕೈ ಇಟ್ಟು ಬಿಸಿ ನೋಡಿದಳು. ಬೆಚ್ಚಗಿತ್ತು, ಅಷ್ಟೆ. ಅದನ್ನು ಬಿಂದುಶ್ರೀಯ ಕೈಗೆ ಕೊಟ್ಟಳು.

"ಹೊರೋಕಾಗ್ತದಾ?"

"ಆಗ್ತದೆ ಅಜ್ಜಿ."

"ಹಂಗಾದ್ರೆ ಇದೇ ಇರ್ಲಿ. ಕೆಂಪರಾಜು, ಬಿಲ್ ಮಾಡ್ಸಪ್ಪ."

ಅಪ್ಪ ತಬ್ಬಿಬ್ಬಾದರು. "ಈಗ್ಲೇನಾ ಅವ್ವ? ಮಂಗಳವಾರ ಹೂ ಕೇಳ್ಬೇಕಲ್ಲ?"

"ಗೊತ್ತಿಲ್ದೆ ಇದ್ದಾಗ ಅಮ್ನೋರನ್ನ ಕೇಳ್ತೀವಿ. ಈಗ ನಂಗೆ ಗೊತ್ತಾಯ್ತಲ್ಲ!" ಎಂದಳು ಅಜ್ಜಿ. "ಗೊತ್ತಿರೋದನ್ನೂ ಹೋಗಿ ಕೇಳಿದ್ರೆ, ಕೆಲಸ ಇಲ್ವೇನೇ ಮಂಗೀ ಅಂತ ಬೈತಾರೆ ಅಮ್ನೋರು. ಮಂಗಳವಾರ ಹೋಗಿ ಒಂದು ತೆಂಗಿನಕಾಯಿ ಒಡೆದು, ತಂದ್ವಿ ತಾಯೀ ಅಂತ ಹೇಳಿ ಬರ್ತೀನಿ."

ಅಂಗಡಿಯ ಮೆಟ್ಟಿಲು ಇಳಿಯುವಾಗ ಡಬ್ಬ ಬಿಂದುಶ್ರೀಯ ಕೈಯಲ್ಲಿತ್ತು. ಅಪ್ಪ ಹಿಡಿಯಲು ಬಂದರು. ಅವಳು ಕೊಡಲಿಲ್ಲ. ಅವಳ ಹೆಜ್ಜೆ ನೋಡಿದರೆ, ಜಯನಗರದ ರಸ್ತೆಯೆಲ್ಲ ಅವಳಿಗಾಗಿಯೇ ಗುಡಿಸಿ ಇಟ್ಟ ಹಾಗಿತ್ತು.

ಆಟೋ ಯಡಿಯೂರು ಕೆರೆ ದಾಟಿತು. ಅಜ್ಜಿ ಕೂತಲ್ಲೇ ತೂಕಡಿಸುತ್ತಿದ್ದಳು. ಅಷ್ಟು ಹೊತ್ತೂ ಹೊರಗೆ ನೋಡುತ್ತಿದ್ದ ರೇವಂತ ಮೆಲ್ಲಗೆ ಇತ್ತ ತಿರುಗಿದ.

"ಬಿಂದು... ವಿರ್‍ಯಾಮ್ ಅಂತೀವಲ್ಲ. ಅದು ಆ ಅಡುಗೆಯೋರು ತರೋ ಪಾತ್ರೆನಾ?"

ಬಿಂದುಶ್ರೀ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಇಷ್ಟು ದಿನ ಫ್ರೆಂಡ್ಸ್ ಎದುರಿಗೆ, ಅಪ್ಪನ ಎದುರಿಗೆ, ಕೊನೆಗೆ ಮಾರಮ್ಮನ ಎದುರಿಗೂ ಅಷ್ಟು ದೊಡ್ಡ ದೊಡ್ಡ ಮಾತು ಹೇಳಿದ ಅಣ್ಣ, ಅದೇನೆಂದು ಯಾರನ್ನೂ ಕೇಳಲಾಗದೆ ಒಬ್ಬನೇ ಇದ್ದ. ಅವಳು ಅವನನ್ನು ಸ್ಲೈಡ್ ಶೋ ಎಂದು ಅಣಕಿಸಬಹುದಿತ್ತು. ಬಾಯಿಗೂ ಬಂದಿತ್ತು.

"ಹೌದಣ್ಣ, ಕರೆಕ್ಟಾಗಿ ಹೇಳ್ದೆ," ಎಂದಳು. "ಆ ಪಾತ್ರೆ ಕಾರ್ಡಿಗೆ ಮಾತ್ರ. ಬೇರೆ ಯಾರೂ ಮುಟ್ಟಂಗಿಲ್ಲ."

ಮುಂದೆ ಕೂತಿದ್ದ ಆಟೋ ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿದ. "ಪಾಪು, ನಮ್ ಮಗಳೂ ಲ್ಯಾಪ್‌ಟಾಪ್ ಬೇಕು ಅಂತ ಹಟ ಹಿಡಿದವ್ಳೆ. ಯಾವ್ದು ತಗೊಳ್ಳೋದೋ ಒಂದೂ ಗೊತ್ತಾಗ್ತಿಲ್ಲ. ಯಾವ್ದಮ್ಮಾ ಒಳ್ಳೇದು?"

ಕೈಯಲ್ಲಿದ್ದ ಡಬ್ಬದ ಮೇಲಿನ ಹೆಸರನ್ನು ಓದಿ ಹೇಳಲು ಬಿಂದುಶ್ರೀ ಬಾಯಿ ತೆರೆದಳು. ಆದರೆ ಹೇಳಲಿಲ್ಲ. ನೇರವಾಗಿ ಕೂತು, ಕನ್ನಡಿಯೊಳಗಿನ ಆ ಕಣ್ಣುಗಳನ್ನೇ ನೋಡುತ್ತಾ ಕೇಳಿದಳು:

"ಅಂಕಲ್, ನಿಮ್ಮ ಮಗಳಿಗೆ ಅದ್ರಲ್ಲಿ ಏನೇನು ಮಾಡ್ಬೇಕಂತೆ?"